ಅಪ್‌ಡೇಟ್: ಪಪೆಟ್‌ನಲ್ಲಿ ಕ್ಲಾಸ್‌ಗಳ ಕ್ರಮ ತಪ್ಪುತ್ತಿದ್ದ ಸಮಸ್ಯೆ ಬಗೆಹರಿಯಿತು

ಪಪೆಟ್ ಅಂದರೆ ಸರ್ವರ್‌ಗಳನ್ನು ತಾನಾಗಿಯೇ ಸಜ್ಜುಮಾಡುವ ಸಾಧನ, ಕ್ಲಾಸ್ ಅಂದರೆ ಅದಕ್ಕೆ ಬರೆದ ಸೂಚನೆಗಳ ಒಂದು ಗುಂಪು. ನನ್ನ ಪ್ರಶ್ನೆ ಇಷ್ಟು: ಆ್ಯಪ್ ಕ್ಲಾಸ್ ಡೇಟಾಬೇಸ್ ಕ್ಲಾಸನ್ನು ರಿಕ್ವೈರ್ ಮಾಡುತ್ತದೆ, ಅಂದರೆ ಅದು ಮುಗಿದ ಮೇಲೆಯೇ ಓಡಬೇಕು. ಆದರೂ ಹೊಸ ಸರ್ವರ್‌ನಲ್ಲಿ ಡೇಟಾಬೇಸ್ ಏಳುವ ಮುಂಚೆಯೇ ಆ್ಯಪ್ ಶುರುವಾಗಿ ಬಿದ್ದುಹೋಗುತ್ತಿತ್ತು. ಪಪೆಟನ್ನು ಇನ್ನೊಮ್ಮೆ ಓಡಿಸಿದರೆ ಎಲ್ಲ ಸರಿ!

ನೀವು ಹೇಳಿದಂತೆ ನೋಆಪ್ (ಏನನ್ನೂ ಬದಲಿಸದ ಪ್ರಯೋಗದ ಓಟ) ಜೊತೆ ಗ್ರಾಫ್ ಆಯ್ಕೆ ಕೊಟ್ಟು ಡಾಟ್ ಫೈಲ್ (ಯಾವುದು ಯಾವುದಕ್ಕೆ ಕಾಯುತ್ತದೆ ಎಂಬ ನಕ್ಷೆ) ತೆಗೆದು ನೋಡಿದೆ. ಆ್ಯಪ್‌ನಿಂದ ಡೇಟಾಬೇಸ್ ಸರ್ವಿಸ್‌ಗೆ ಗೆರೆಯೇ ಇರಲಿಲ್ಲ. ಡೇಟಾಬೇಸ್ ಕ್ಲಾಸ್ ಒಳಗೆ ಇನ್‌ಸ್ಟಾಲ್, ಕಾನ್ಫಿಗ್, ಸರ್ವಿಸ್ ಎಂಬ ಮೂರು ಕ್ಲಾಸ್‌ಗಳನ್ನು ಇನ್‌ಕ್ಲೂಡ್ ಮಾಡಲಾಗಿತ್ತು. ಇನ್‌ಕ್ಲೂಡ್ ಸುಮ್ನೆ ಕ್ಯಾಟಲಾಗ್‌ಗೆ, ಅಂದರೆ ಆ ಸರ್ವರ್‌ನಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಗೆ, ಸೇರಿಸುತ್ತದೆ ಅಷ್ಟೇ, ಹೊರಗಿನ ಕ್ಲಾಸಿಗೆ ಕಟ್ಟಿಹಾಕುವುದಿಲ್ಲ. ಹಾಗಾಗಿ ಆ್ಯಪ್ ಕಾಯುತ್ತಿದ್ದದ್ದು ಖಾಲಿ ಡಬ್ಬಿಗೆ.

ಇನ್‌ಕ್ಲೂಡ್ ಜಾಗದಲ್ಲಿ ಕಂಟೇನ್ ಹಾಕಿದೆ, ಅದು ಒಳಗಿನ ಕ್ಲಾಸನ್ನು ಹೊರಗಿನದಕ್ಕೆ ಕಟ್ಟಿಹಾಕುತ್ತದೆ. ಈಗ ಮೊದಲ ಸಲವೇ ಸರಿಯಾಗಿ ಏಳುತ್ತದೆ. ಕಂಟೇನ್ ಪಪೆಟ್ 3.4ರಿಂದ ಇದೆ. ಹಳೆಯ ಮಾಡ್ಯೂಲ್‌ಗಳಲ್ಲಿ ಕಾಣುವ ಆ್ಯಂಕರ್‌ಗಳು ಇದೇ ಕೆಲಸಕ್ಕೆ ಇದ್ದವು, ಈಗ ಬೇಕಿಲ್ಲ.

ಆದರೆ ಕಂಟೇನ್ ಒಳಗಿನ ಮೂರರ ನಡುವೆ ಕ್ರಮ ಹಾಕುವುದಿಲ್ಲ, ಅದನ್ನು ಬರೆಯಲೇಬೇಕು. ಇನ್‌ಸ್ಟಾಲ್‌ನಿಂದ ಕಾನ್ಫಿಗ್‌ಗೆ ಬರೀ ಕ್ರಮ ಹೇಳುವ -> ಸಾಕು. ಕಾನ್ಫಿಗ್‌ನಿಂದ ಸರ್ವಿಸ್‌ಗೆ ಮಾತ್ರ, ಕ್ರಮದ ಜೊತೆ ಬದಲಾವಣೆಯ ಸುದ್ದಿಯನ್ನೂ ಮುಟ್ಟಿಸುವ ~> ಬೇಕು. ಇಲ್ಲದಿದ್ದರೆ ಫೈಲ್ ಬದಲಾದರೂ ಸರ್ವಿಸ್ ರೀಸ್ಟಾರ್ಟ್ ಆಗುವುದಿಲ್ಲ, ಹಳೆಯ ಸೆಟ್ಟಿಂಗ್‌ನಲ್ಲೇ ಓಡುತ್ತಿರುತ್ತದೆ. ಗ್ರಾಫ್ ನೋಡಲು ಹೇಳಿದವರಿಗೆ ತುಂಬಾ ಥ್ಯಾಂಕ್ಸ್.