ಮನೆಯ ಹಳೆಯ ಸಾಮಾನು ಮುಗಿದ ಮೇಲೆ ಆನ್‌ಲೈನ್ ಹರಾಜಿಗೆ ಸರಕು ಎಲ್ಲಿಂದ ತರುವುದು?

ಪ್ರಶ್ನೆ: ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಫೋರ್ಟ್ ಭಾಗದಲ್ಲಿ ಬಹಳ ವರ್ಷ ಹೋಟೆಲು ನಡೆಸಿದವರು. ಹೋಟೆಲು ಮುಚ್ಚಿದ ಮೇಲೆ ಮನೆಗೆ ಬಂದ ಸಾಮಾನುಗಳಲ್ಲಿ ಹಿತ್ತಾಳೆಯ ಕಾಫಿ ಫಿಲ್ಟರ್, ಸೇರು-ಪಾವಿನ ಅಳತೆಗಳು, ತಿಂಡಿಯ ದರ ಬರೆದ ಎನಾಮೆಲ್ ಫಲಕ ಮತ್ತು ಒಂದು ಎಚ್‌ಎಂಟಿ ಕೈಗಡಿಯಾರವನ್ನು ಕಳೆದ ವರ್ಷ ಆನ್‌ಲೈನ್ ಹರಾಜಿಗೆ ಇಟ್ಟೆ. ಎಲ್ಲಕ್ಕೂ ನಾನು ಎಣಿಸಿದ್ದಕ್ಕಿಂತ ಒಳ್ಳೆಯ ಬೆಲೆ ಬಂತು. ಫಲಕಕ್ಕಂತೂ ಕೊನೆಯ ಗಂಟೆಯಲ್ಲಿ ಮೂವರು ಸವಾಲಿಗೆ ಸವಾಲು ಏರಿಸಿದರು.

ಇದನ್ನೇ ಉದ್ಯೋಗ ಮಾಡಿಕೊಳ್ಳಬೇಕೆಂಬ ಆಸೆಯಿಂದ 4,500 ರೂಪಾಯಿ ಕೊಟ್ಟು ಸಗಟು ಸರಬರಾಜುದಾರರ ಪಟ್ಟಿಯೊಂದನ್ನು ಕೊಂಡೆ. ಅದರಲ್ಲಿದ್ದ ಅರ್ಧದಷ್ಟು ದೂರವಾಣಿ ಸಂಖ್ಯೆಗಳು ಚಾಲ್ತಿಯಲ್ಲಿರಲಿಲ್ಲ. ಉಳಿದವರು ಹೇಳಿದ ಸಗಟು ದರಕ್ಕಿಂತ ಕಡಿಮೆಗೆ ಅದೇ ಮೊಬೈಲ್ ಕವರ್, ಅದೇ ಇಯರ್‌ಫೋನ್ ಆನ್‌ಲೈನಿನಲ್ಲಿ ಬಿಡಿಯಾಗಿಯೇ ಸಿಗುತ್ತಿತ್ತು. ಆಮೇಲೆ ಅಬ್ದುಲ್ ರೆಹಮಾನ್ ಸ್ಟ್ರೀಟಿನಿಂದ 60 ಅಲಂಕಾರದ ದೀಪಗಳನ್ನು ತಂದು ಹರಾಜಿಗಿಟ್ಟರೆ 11 ಮಾತ್ರ ಹೋದವು, ಅವೂ ಆರಂಭಿಕ ಬೆಲೆಗೇ. ಈ ಕೆಲಸವನ್ನು ವರ್ಷಗಟ್ಟಲೆ ಮಾಡುತ್ತಿರುವವರು ಸರಕನ್ನು ಎಲ್ಲಿ ಹುಡುಕುತ್ತಾರೆ? ಹಣ ಕೊಡುವ ಮೊದಲು ಅದು ಹೋಗುತ್ತದೋ ಇಲ್ಲವೋ ಎಂದು ಹೇಗೆ ತಿಳಿಯುವುದು? ಹಳೆಯ ವಸ್ತುಗಳನ್ನು ಹೊರದೇಶಕ್ಕೆ ಕಳಿಸುವುದಕ್ಕೆ ಕಾನೂನಿನ ತೊಡಕು ಇದೆಯೇ? ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ: ಪುಣೆಯ ಕಸಬಾ ಪೇಟೆಯಿಂದ

ತಂಗೀ, ನಿಮ್ಮ ಫಲಕಕ್ಕೆ ಮೂವರು ಬಂದರು, ದೀಪಕ್ಕೆ ಒಬ್ಬರೇ ಬಂದರು ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಇ-ಬೇಯಂಥ ತಾಣಗಳಲ್ಲಿ ಗ್ರಾಹಕ ತನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ನಮೂದಿಸಿರುತ್ತಾನೆ. ಎರಡನೆಯವನು ಎಲ್ಲಿ ಕೈಬಿಡುತ್ತಾನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲಷ್ಟೇ ಬೆಲೆ ನಿಲ್ಲುತ್ತದೆ. ಎರಡನೆಯವನೇ ಇಲ್ಲದಿದ್ದರೆ, ಮೊದಲನೆಯವನು ಸಾವಿರ ಕೊಡಲು ಸಿದ್ಧನಿದ್ದರೂ ವಸ್ತು ಆರಂಭಿಕ ಬೆಲೆಗೇ ಹೋಗುತ್ತದೆ. ಆದ್ದರಿಂದ ನೂರಾರು ಸಂಖ್ಯೆಯಲ್ಲಿ ಸಿಗುವ ಸರಕನ್ನು ಹರಾಜಿಗೆ ಇಡಲೇಬಾರದು, ಅದಕ್ಕೆ ನಿಗದಿತ ಬೆಲೆಯೇ ಸರಿ. ನಮ್ಮ ಮನೆಯ ಹತ್ತಿರದ ತಾಂಬಟ್ ಆಳಿ ಎಂಬ ಓಣಿಯಲ್ಲಿ ಸುತ್ತಿಗೆಯ ಪೆಟ್ಟಿನ ಗುರುತು ಒತ್ತೊತ್ತಾಗಿ ಮೂಡುವಂತೆ ಬಡಿದು ಮಾಡುವ ತಾಮ್ರದ ಪಾತ್ರೆಗಳನ್ನು ನಾನು ಮಾರುತ್ತೇನೆ. ಈ ಕುಸುರಿಗೆ ಅಲ್ಲಿಯವರು ಮಠಾರ್ ಕಾಮ್ ಎನ್ನುತ್ತಾರೆ. ಪಾತ್ರೆಗಳು ಎಷ್ಟೇ ಚೆನ್ನಾಗಿದ್ದರೂ, ಕೇಳಿದಷ್ಟು ಮತ್ತೆ ಸಿಗುವುದರಿಂದ, ಅವನ್ನು ಒಮ್ಮೆಯೂ ಹರಾಜಿಗೆ ಇಟ್ಟಿಲ್ಲ.

ಹರಾಜಿಗೆ ನಾನು ಇಡುವುದು ಹಳೆಯ ಗಡಿಯಾರಗಳನ್ನು ಮಾತ್ರ. ಇಲ್ಲಿನ ಮಂಗಳವಾರ ಪೇಟೆಯಲ್ಲಿ ನಡೆಯುವ ಹಳೆಯ ಸಾಮಾನಿನ ಸಂತೆ ಜುನಾ ಬಾಜಾರಿಗೆ ಬುಧವಾರ ಮತ್ತು ಭಾನುವಾರ ಹೋಗುತ್ತೇನೆ. ಮುಂಬಯಿಗೆ ಬಂದಾಗ ಚೋರ್ ಬಜಾರಿನ ಮಟನ್ ಸ್ಟ್ರೀಟನ್ನು ಸುತ್ತುತ್ತೇನೆ. ಅಲ್ಲಿ ಅಂಗಡಿಗಳಿಗೆ ಶುಕ್ರವಾರ ರಜೆಯೆಂಬುದು ನೆನಪಿರಲಿ. ಎಚ್‌ಎಂಟಿ ಜನತಾ, ಪೈಲಟ್ ಗಡಿಯಾರಗಳಿಗೆ ಹೊರದೇಶದಲ್ಲಿ ಸಂಗ್ರಾಹಕರಿದ್ದಾರೆ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯ ಮಾಲು ಅದು ಎಂಬುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಬೀದಿಯಲ್ಲಿ ಸಿಗುವ ಹೆಚ್ಚಿನವುಗಳ ಡಯಲ್‌ಗೆ ಹೊಸ ಬಣ್ಣ ಬಳಿದಿರುತ್ತಾರೆ. ಇಂಥ ಗಡಿಯಾರಗಳಿಗೆ ಸಂಗ್ರಾಹಕರು ‘ಮುಂಬಯಿ ಸ್ಪೆಷಲ್’ ಎಂದು ಹೆಸರಿಟ್ಟುಬಿಟ್ಟಿದ್ದಾರೆ; ಮುಂಬಯಿಯ ಹೆಸರಿಗೆ ಅಂಟಿದ ಈ ಕಳಂಕದ ಬಗ್ಗೆ ನನಗೆ ನಿಜವಾಗಿಯೂ ನೋವಿದೆ. ಭೂತಗನ್ನಡಿ ಹಿಡಿದಾಗ ಡಯಲಿನ ಸಣ್ಣ ಅಕ್ಷರಗಳ ಅಂಚು ಒಡೆದಂತೆ ಅಥವಾ ಹರಡಿದಂತೆ ಕಂಡರೆ ನಾನು ಬೆಲೆಯನ್ನೂ ಕೇಳದೆ ಮುಂದೆ ಹೋಗುತ್ತೇನೆ. ಮಿರಮಿರ ಹೊಳೆಯುವ ಕೊಳವೆಯ ಗ್ರಾಮಫೋನುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಅವುಗಳಲ್ಲಿ ಬಹುಪಾಲು ಈಚೆಗೆ ಜೋಡಿಸಿದವು.

ಕೊಳ್ಳುವ ಮೊದಲು ತಾಣದಲ್ಲಿ ‘ಮಾರಾಟವಾದವು’ ಎಂಬ ಆಯ್ಕೆಯನ್ನು ಒತ್ತಿ, ಅಂಥದೇ ವಸ್ತು ನಿಜವಾಗಿ ಎಷ್ಟಕ್ಕೆ ಹೋಗಿದೆ, ಎಷ್ಟು ಜನ ಬಿಡ್ ಮಾಡಿದ್ದಾರೆ ಎಂದು ನೋಡಿಕೊಳ್ಳಿ. ಮಾರುವವನು ಕೇಳುತ್ತಿರುವ ಬೆಲೆಯನ್ನು ನೋಡಿ ಕೊಂಡವರೇ ಹೆಚ್ಚಾಗಿ ಕೈಸುಟ್ಟುಕೊಳ್ಳುತ್ತಾರೆ. ಇಷ್ಟು ಹೇಳಿದರೂ, ನಿಮ್ಮ ಸರಕು ಬಜಾರಿನಲ್ಲಿಲ್ಲ ಎಂದೇ ನನಗನಿಸುತ್ತದೆ. ಹೋಟೆಲಿನ ಸಾಮಾನನ್ನು ನೋಡಿದ ಕ್ಷಣ ಗುರುತಿಸುವ ಕಣ್ಣು ನಿಮಗಿದೆ, ಮಾಟುಂಗದಿಂದ ಫೋರ್ಟಿನವರೆಗೆ ನಿಮ್ಮ ತಂದೆಯವರನ್ನು ಬಲ್ಲ ಹೋಟೆಲಿನವರಿದ್ದಾರೆ. ಅಂಗಡಿ ನವೀಕರಿಸುವಾಗ ಅವರು ಭಂಗಾರ್‌ವಾಲಾನಿಗೆ (ಗುಜರಿಯವನಿಗೆ) ತೂಕಕ್ಕೆ ಹಾಕುವ ವಸ್ತುಗಳು ನಿಮ್ಮ ಕೈಗೆ ಬರಬೇಕು.

ಉತ್ತರ: ಮಾಟುಂಗದಿಂದ, ಲೆಕ್ಕಪತ್ರದ ಕೆಲಸದವಳು

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯದಾದ ನಾಣ್ಯ, ವಿಗ್ರಹ, ಕುಶಲಕಲೆಯ ವಸ್ತು ಮುಂತಾದವು ಪುರಾವಸ್ತುಗಳು. ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿಗಳಿಗಾದರೆ 75 ವರ್ಷ ಸಾಕು. ಇವುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ದೇಶದೊಳಗೆ ಇವುಗಳ ವ್ಯಾಪಾರ ಮಾಡುವುದಕ್ಕೂ ಪರವಾನಗಿ ಬೇಕು. ವಸ್ತು ಅಷ್ಟು ಹಳೆಯದಲ್ಲದಿದ್ದರೂ ನೋಟಕ್ಕೆ ಹಾಗೆ ಕಾಣುವಂತಿದ್ದರೆ, ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯಿಂದ ‘ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದಿಡುವುದು ಕ್ಷೇಮ. ಇಲಾಖೆಯ ಮುಂಬಯಿ ಕಚೇರಿ ಸಾಯನ್ ಕೋಟೆಯ ಬಳಿ ಇದೆ. ದಂತದ ಹಿಡಿಯ ಚಾಕು, ಜಿಂಕೆಯ ಕೊಂಬು ಇತ್ಯಾದಿಗಳನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ.

ಇ-ಬೇಯ ಭಾರತದ ತಾಣ 2018ರ ಆಗಸ್ಟಿನಲ್ಲೇ ಮುಚ್ಚಿದ್ದರಿಂದ ಅಲ್ಲಿ ಇಲ್ಲಿಂದ ಮಾರುವುದೆಂದರೆ ಮುಖ್ಯವಾಗಿ ರಫ್ತು ಎಂದೇ ಅರ್ಥ. ಅದಕ್ಕೆ 500 ರೂಪಾಯಿ ಶುಲ್ಕದ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಅದನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ನವೀಕರಿಸಬೇಕು. ರಫ್ತನ್ನು ಜಿಎಸ್‌ಟಿ ಅಂತರರಾಜ್ಯ ಪೂರೈಕೆಯೆಂದೇ ಪರಿಗಣಿಸುವುದರಿಂದ ನೋಂದಣಿಯನ್ನೂ ಮಾಡಿಸಿಕೊಳ್ಳಿ. ದೇಶದೊಳಗೆ ಬಳಸಿದ ವಸ್ತುಗಳನ್ನು ಕೊಂಡು ಹಾಗೆಯೇ ಮಾರುವವರಿಗೆ, ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಜಮೆಯಾಗಿ ಮರಳಿ ಪಡೆಯದಿದ್ದರೆ, ಕೊಂಡ ಮತ್ತು ಮಾರಿದ ಬೆಲೆಗಳ ವ್ಯತ್ಯಾಸದ ಮೇಲಷ್ಟೇ ತೆರಿಗೆ ಕಟ್ಟುವ ಅನುಕೂಲವಿದೆ. ಇದನ್ನು ಬಳಸಿಕೊಳ್ಳದೆ ನಷ್ಟ ಮಾಡಿಕೊಂಡವರನ್ನು ಕಂಡಿದ್ದೇನೆ. ಚಿಕ್ಕ ಪಾರ್ಸೆಲ್‌ಗಳಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳು, ಅಂದರೆ ಅಂಚೆ ಮೂಲಕ ರಫ್ತು ಮಾಡುವ ಕೇಂದ್ರಗಳು, ಉಪಯುಕ್ತ. ಅಮೆರಿಕ ಮಾತ್ರ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿದೆ. ಬೆಲೆ ನಿಗದಿಪಡಿಸುವಾಗ ಇದನ್ನು ಗಮನದಲ್ಲಿಡಿ.

ಮರುಪ್ರಶ್ನೆ: ಡೊಂಬಿವಲಿಯಿಂದ

ಅಣ್ಣ, ಅಕ್ಕ, ಇಬ್ಬರಿಗೂ ಕೃತಜ್ಞತೆಗಳು. ನಿಮ್ಮ ಮಾತಿನಂತೆ ತಂದೆಯವರ ಸ್ನೇಹಿತರೊಬ್ಬರನ್ನು ಕೇಳಿದೆ. ಅವರ ಹೋಟೆಲು ಮುಂದಿನ ತಿಂಗಳು ಮುಚ್ಚುತ್ತದೆ. ನಾಲ್ಕು ಎನಾಮೆಲ್ ಫಲಕ, ಅಮೃತಶಿಲೆಯ ಮೇಜುಗಳು, ಒಂದು ಗೋಡೆ ಗಡಿಯಾರ, ಪಾತ್ರೆಗಳು ಎಲ್ಲ ಸೇರಿಸಿ 35,000 ರೂಪಾಯಿ ಎಂದಿದ್ದಾರೆ. ಒಟ್ಟಿಗೆ ಕೊಳ್ಳಬಹುದೇ?

ಉತ್ತರ: ಪುಣೆಯ ಕಸಬಾ ಪೇಟೆಯಿಂದ

ಒಟ್ಟು ಸಾಮಾನನ್ನು ಕೊಳ್ಳುವಾಗ, ಅದರಲ್ಲಿನ ಮೂರು ಉತ್ತಮ ವಸ್ತುಗಳಿಂದಲೇ ಅಸಲು ಹುಟ್ಟಬೇಕು, ಉಳಿದುದೆಲ್ಲ ಶೂನ್ಯವೆಂದೇ ನಾನು ಲೆಕ್ಕ ಹಾಕುತ್ತೇನೆ. ನಿಮ್ಮಲ್ಲಿ ಅವು ಆ ನಾಲ್ಕರಲ್ಲಿ ಒಳ್ಳೆಯ ಮೂರು ಫಲಕಗಳು. ಮಾರಾಟವಾದ ಬೆಲೆಗಳನ್ನು ನೋಡಿ, ತಾಣದ ಶುಲ್ಕ, ಪ್ಯಾಕಿಂಗ್, ಸಾಗಣೆಯನ್ನು ಕಳೆದು, ಉಳಿದದ್ದು 35,000 ದಾಟದಿದ್ದರೆ ಫಲಕಗಳನ್ನಷ್ಟೇ ಬೇರೆಯಾಗಿ ಕೇಳಿ. ಅಮೃತಶಿಲೆಯ ಮೇಜನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಬೇಡ. ಅದಕ್ಕೆ ಇಲ್ಲಿಯೇ ಹೊಸ ಕೆಫೆಗಳವರು ಸಿಗುತ್ತಾರೆ. ಹೋಟೆಲಿನವರು ತಂದೆಯವರ ಸ್ನೇಹಿತರಾದ್ದರಿಂದ ಚೌಕಾಶಿಗಿಂತ ಲೆಕ್ಕವನ್ನೇ ಮುಂದಿಟ್ಟು ಮಾತಾಡಿ, ಫಲಕಕ್ಕೆ ಹೊರಗೆ ಎಷ್ಟು ಬರಬಹುದೆಂಬುದನ್ನೂ ಮುಚ್ಚಿಡಬೇಡಿ. ಇನ್ನೊಂದು ಕೆಲಸ ಖಂಡಿತ ಮಾಡಿ: ಫಲಕಗಳನ್ನು ಗೋಡೆಯಿಂದ ಇಳಿಸುವ ಮೊದಲು ಅವು ಇದ್ದ ಜಾಗದಲ್ಲೇ, ಗಲ್ಲಾಪೆಟ್ಟಿಗೆ ಮತ್ತು ಮೇಜುಗಳು ಕಾಣುವಂತೆ ಫೋಟೊ ತೆಗೆದುಕೊಳ್ಳಿ, ಯಾವ ವರ್ಷದಿಂದ ಅಲ್ಲಿದ್ದವು ಎಂಬುದನ್ನು ಅವರ ಕೈಯಲ್ಲೇ ರಸೀದಿಯ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಿ. ನಕಲಿ ಫಲಕಗಳು ತುಂಬಿರುವ ಈ ಮಾರುಕಟ್ಟೆಯಲ್ಲಿ ಆ ಒಂದು ಫೋಟೊ ನೋಡಿಯೇ ಎರಡನೆಯ ಸವಾಲುಗಾರ ಬರುತ್ತಾನೆ.