ಹಣೆಬರಹವೋ, ನಮ್ಮ ಆಯ್ಕೆಯೋ?

ಪ್ರಶ್ನೆ: 11 ವರ್ಷದ ಹಿಂದೆ ಇಂಟರ್‌ವ್ಯೂಗೆ ಹೊರಟಿದ್ದೆ. ದಾರಿಯಲ್ಲಿ ಚಪ್ಪಲಿ ಕಿತ್ತುಹೋಯಿತು. ಪಿನ್ನು ಚುಚ್ಚಿಕೊಂಡು, ಕಾಲು ಎಳೆದುಕೊಂಡು ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ಕೆಂಪು ಪೆನ್ನು ಹಿಡಿದು ಪ್ರೂಫ್ ತಿದ್ದುತ್ತಿದ್ದರು. ಸುಮ್ನೆ ಒಂದು ತಪ್ಪು ತೋರಿಸಿದೆ. ಇವತ್ತಿಗೂ ನನ್ನ ಹೊಟ್ಟೆಪಾಡು ಅದೇ ಪ್ರೂಫ್ ಕೆಲಸ. ಅಮ್ಮ ಹಣೆಬರಹ ಅನ್ನುತ್ತಾರೆ. ನನಗೆ ಯಾಕೋ ಒಪ್ಪಲು ಇರುಸುಮುರುಸು. ನೀವೇನಂತೀರಿ?

ಉತ್ತರ 1: ಚಪ್ಪಲಿ ಕಿತ್ತದ್ದು ನಿಮ್ಮ ಕೈಲಿರಲಿಲ್ಲ, ಸರಿ. ಬಾಯಿ ಬಿಟ್ಟದ್ದು ನೀವೇ ಅಲ್ವಾ? ನಾನಾಗಿದ್ದರೆ ಕಿಟಕಿ ಕಡೆ ನೋಡುತ್ತಾ ಕೂತಿರುತ್ತಿದ್ದೆ.

ಉತ್ತರ 2: ಅಷ್ಟು ಸಲೀಸಲ್ಲ. 1983ರಲ್ಲಿ ಬೆಂಜಮಿನ್ ಲಿಬೆಟ್ ಅನ್ನುವ ಮಿದುಳು ವಿಜ್ಞಾನಿ ಒಂದು ಪ್ರಯೋಗ ಪ್ರಕಟಿಸಿದರು. ಕೈ ಆಡಿಸಬೇಕು ಅಂತ ಅನಿಸುವುದಕ್ಕೆ ಸುಮಾರು 0.35 ಸೆಕೆಂಡ್ ಮೊದಲೇ ಮಿದುಳಿನಲ್ಲಿ ತಯಾರಿ ಶುರುವಾಗಿತ್ತು. ಆದರೆ ಕೈ ಆಡಿಸುವುದು ಬೇರೆ, 11 ವರ್ಷ ಒಂದೇ ಕೆಲಸದಲ್ಲಿ ಉಳಿಯುವುದು ಬೇರೆ. ಇದನ್ನೇ ಹಣೆಬರಹಕ್ಕೆ ಸಾಕ್ಷಿ ಅಂದರೆ ಜಾಸ್ತಿಯಾಯಿತು.

ಪ್ರಶ್ನೆ ಕೇಳಿದವರು: ತಮಾಷೆ ಅಂದರೆ, ನಾನು ತೋರಿಸಿದ್ದು ತಪ್ಪೇ ಆಗಿರಲಿಲ್ಲ. ಅವರು ನಕ್ಕು, ಇನ್ನೊಂದು ಹಾಳೆ ಕೊಟ್ಟರು.