ರೆಟಿನಾ ಸ್ಕ್ಯಾನಿನ ಮಾತುಗಳು: ಮ್ಯಾಕ್ಯುಲಾಕ್ಕೆ ‘ಹಳದಿ ಚುಕ್ಕೆ’ ಅನ್ನಬಹುದೇ?

ಗೆಳೆಯರೇ,

ಕಣ್ಣಿನ ಆಸ್ಪತ್ರೆಯೊಂದರಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ಪದರದ ಸ್ಕ್ಯಾನ್ ತೆಗೆಯುವುದು ನನ್ನ ಕೆಲಸ. ವಯಸ್ಸಾದವರಿಗೆ ಬರುವ ಮ್ಯಾಕ್ಯುಲಾ ತೊಂದರೆ, ಅಂದರೆ ಎಎಂಡಿ ಬಗ್ಗೆ ಒಂದು ಪುಟದ ಕನ್ನಡ ಕರಪತ್ರ ಬರೆಯುತ್ತಿದ್ದೇನೆ. ರೋಗಿಗಳೇ ಓದಿಕೊಳ್ಳಬೇಕು, ಇಲ್ಲವೇ ಮನೆಯವರು ಓದಿ ಹೇಳಬೇಕು. ಆದರೆ ಮೊದಲನೇ ಪದದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಶಾಲೆಯಲ್ಲಿ ಕಣ್ಣಿನ ಚಿತ್ರ ಬರೆದು ‘ಹಳದಿ ಚುಕ್ಕೆ’, ‘ಕುರುಡು ಚುಕ್ಕೆ’ ಎಂದು ಗುರುತು ಹಾಕಿದ ನೆನಪು ನಮ್ಮಲ್ಲಿ ಹಲವರಿಗೆ ಇದ್ದೀತು. ಆ ಹಳದಿ ಚುಕ್ಕೆಯೇ ಮ್ಯಾಕ್ಯುಲಾ, ರೆಟಿನಾದ ನಡುವಿನ ಚಿಕ್ಕ ಜಾಗ. ‘ಮ್ಯಾಕ್ಯುಲಾ ಲ್ಯೂಟಿಯಾ’ ಎಂಬ ಪೂರ್ತಿ ಲ್ಯಾಟಿನ್ ಹೆಸರಿನ ಅರ್ಥವೂ ಅದೇ. ಅದನ್ನೇ ಬಳಸಿ ‘ನಿಮ್ಮ ಕಣ್ಣಿನ ಹಳದಿ ಚುಕ್ಕೆ ಹಾಳಾಗುತ್ತಿದೆ’ ಎಂದು ಬರೆದೆ. ಸ್ಕ್ಯಾನಿಗೆ ಬಂದಿದ್ದ ಒಬ್ಬ ಅಜ್ಜಿಗೆ ಓದಿ ಹೇಳಿದೆ. ‘ಹಾಳಾಗಲಿ ಬಿಡಮ್ಮಾ, ಚುಕ್ಕೆ ಹೋದರೆ ಒಳ್ಳೇದೇ ಅಲ್ವಾ?’ ಎಂದರು. ಅವರ ಮಾತು ಸರಿಯಾಗಿಯೇ ಇದೆ. ಮೈಮೇಲಾಗಲಿ ಎಲೆಯ ಮೇಲಾಗಲಿ ಚುಕ್ಕೆ ಬಿತ್ತು ಅಂದರೆ ಏನೋ ಕೆಟ್ಟಿತು ಎಂದೇ ನಮ್ಮ ಅರ್ಥ. ಉಳಿಸಿಕೊಳ್ಳಬೇಕಾದ ಜಾಗಕ್ಕೆ ನಾನು ಕಲೆಯ ಹೆಸರು ಕೊಟ್ಟಿದ್ದೆ.

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಫಂಡಸ್ ಕ್ಯಾಮೆರಾದಲ್ಲಿ ಕಣ್ಣಿನ ಹಿಂಭಾಗದ ಫೋಟೋ ತೆಗೆದಾಗ ಮ್ಯಾಕ್ಯುಲಾ ಹಳದಿಯಾಗಿ ಕಾಣುವುದೇ ಇಲ್ಲ. ಸುತ್ತಲಿನದಕ್ಕಿಂತ ಸ್ವಲ್ಪ ಕಪ್ಪಗೆ ಕಾಣುತ್ತದೆ. ಅಲ್ಲಿ ಲ್ಯೂಟೀನ್, ಜಿಯಾಕ್ಸಾಂಥಿನ್ ಎಂಬ ಹಳದಿ ಬಣ್ಣಗಳು ಇರುವುದು ನಿಜ, ಮುಸುಕಿನ ಜೋಳದಲ್ಲಿ ಇರುವುದೂ ಅವೇ. ಆದರೆ ಆ ಫೋಟೋದಲ್ಲಿ ಎದ್ದು ಕಾಣುವ ಹಳದಿ ಚುಕ್ಕೆಗಳು ಬೇರೆ. ಅವು ಡ್ರೂಸನ್, ಎಎಂಡಿಯ ಮೊದಲ ಗುರುತು. ಹೀಗೆ ಒಳ್ಳೆಯ ಜಾಗವೂ ಹಳದಿ ಚುಕ್ಕೆ, ರೋಗವೂ ಹಳದಿ ಚುಕ್ಕೆ ಆಗಿಬಿಟ್ಟರೆ ಓದುವವರು ಏನು ಮಾಡಬೇಕು?

ಡ್ರೂಸನ್‌ಗೆ ಮೊದಲು ‘ಗಂಟು’ ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ಗಂಟು ಅಂದರೆ ಜನ ಕ್ಯಾನ್ಸರ್ ಎಂದು ಹೆದರುತ್ತಾರೆ. ಅದರಲ್ಲಿ ಇರುವುದು ಹೆಚ್ಚಾಗಿ ಕೊಬ್ಬು, ಪ್ರೋಟೀನು. ರೆಟಿನಾದ ಅಡಿಯಲ್ಲಿ ಕೂತಿರುತ್ತದೆ. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ ನೋಡಿದರೆ ಚಾಪೆಯ ಕೆಳಗೆ ಕಡಲೆಕಾಳು ಸಿಕ್ಕಿಕೊಂಡ ಹಾಗೆ ಮೇಲಿನ ಪದರ ಅಲ್ಲಲ್ಲಿ ಉಬ್ಬಿರುತ್ತದೆ. ಅದಕ್ಕೇ ‘ಜಿಡ್ಡಿನ ಕಾಳು’ ಎಂದು ಬರೆದಿದ್ದೇನೆ. ಒಲೆಯ ಹಿಂದಿನ ಗೋಡೆಗೆ ಜಿಡ್ಡು ಹಿಡಿಯುವುದು ಎಲ್ಲರಿಗೂ ಗೊತ್ತು, ವಿವರಿಸುವುದೇ ಬೇಕಾಗಲಿಲ್ಲ.

ಓಸಿಟಿಗೆ, ಅಂದರೆ ‘ಆಪ್ಟಿಕಲ್ ಕೊಹೆರೆನ್ಸ್ ಟೋಮೋಗ್ರಫಿ’ಗೆ, ‘ದ್ಯುತಿ ಸಂಸಕ್ತ ಸ್ತರಚಿತ್ರಣ’ ಎಂದು ಪದಕ್ಕೆ ಪದ ಇಟ್ಟು ಕಟ್ಟಿ ನೋಡಿದೆ. ನನಗೇ ಎರಡನೇ ಸಲ ಓದಬೇಕಾಯಿತು. 1991ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ವಿಧಾನ ಇದು. ಕಣ್ಣಿಗೆ ಹೆಚ್ಚುಕಮ್ಮಿ ಕಾಣದ ಬೆಳಕನ್ನು ಒಳಗೆ ಬಿಟ್ಟು, ಒಂದೊಂದು ಪದರದಿಂದ ಅದು ಮರಳಿ ಬರುವುದನ್ನು ಅಳೆಯುತ್ತಾರೆ. ಅಲ್ಟ್ರಾಸೌಂಡಿನಲ್ಲಿ ಸದ್ದು ಮಾಡುವ ಕೆಲಸವನ್ನು ಇಲ್ಲಿ ಬೆಳಕು ಮಾಡುತ್ತದೆ. ಸೂಜಿ ಇಲ್ಲ, ನೋವಿಲ್ಲ. ತೆರೆಯ ಮೇಲೆ ಮೂಡುವ ಚಿತ್ರ ಅರ್ಧಕ್ಕೆ ಮುರಿದ ಚಿರೋಟಿಯ ಹಾಗೆ ಪದರ ಪದರವಾಗಿರುತ್ತದೆ. ‘ಪದರ ಸ್ಕ್ಯಾನ್’ ಸಾಕು ಅಂತ ನನ್ನ ಅಭಿಪ್ರಾಯ. ಹೋಳು, ಸೀಳು ಎಂಬ ಪದಗಳು ‘ಟೋಮೋಗ್ರಫಿ’ಯ ಗ್ರೀಕ್ ಮೂಲಕ್ಕೆ ಹತ್ತಿರ, ಆದರೆ ಕಣ್ಣಿನ ವಿಷಯದಲ್ಲಿ ಆ ಮಾತು ಬೇಡವೇ ಬೇಡ.

ಇನ್ನು ಫ್ಲೋರೆಸಿನ್ ಆಂಜಿಯೋಗ್ರಫಿ. ಅಮೆರಿಕದ ಇಂಡಿಯಾನಾದ ವೈದ್ಯ ವಿದ್ಯಾರ್ಥಿಗಳಾದ ನೊವೊಟ್ನಿ ಮತ್ತು ಆಲ್ವಿಸ್ 1961ರಲ್ಲಿ ಪ್ರಕಟಿಸಿದ್ದು. ತೋಳಿನ ರಕ್ತನಾಳಕ್ಕೆ ಬಣ್ಣ ಚುಚ್ಚಿ, ಅದು ಕಣ್ಣಿನ ರಕ್ತನಾಳಗಳಲ್ಲಿ ಹರಿಯುವಾಗ ನೀಲಿ ಬೆಳಕಿನಲ್ಲಿ ಸಾಲಾಗಿ ಫೋಟೋ ತೆಗೆಯುತ್ತಾರೆ. ‘ಬಣ್ಣದ ಇಂಜೆಕ್ಷನ್ ಫೋಟೋ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆಮೇಲೆ ಕೆಲವು ಗಂಟೆ ಮೈ ಹಳದಿಯಾಗುತ್ತದೆ, ಮೂತ್ರಕ್ಕೂ ಬಣ್ಣ ಬರುತ್ತದೆ. ಇದನ್ನು ಬರೆಯುವಾಗ ‘ಕಾಮಾಲೆ ಅಲ್ಲ’ ಎಂದು ಸೇರಿಸಲೇಬೇಕು.

ನನ್ನನ್ನು ಜಾಸ್ತಿ ಕಾಡಿದ್ದು ಎಎಂಡಿಯ ಎರಡು ಬಗೆಗಳ ಹೆಸರು. ‘ಒಣ’, ‘ಒದ್ದೆ’ ಎಂದು ನೇರವಾಗಿ ಕನ್ನಡಿಸಿದರೆ ಮೊದಲನೆಯವರು ಕಣ್ಣು ಒಣಗಿದೆ ಎಂದುಕೊಂಡು ಡ್ರಾಪ್ಸ್ ಕೇಳುತ್ತಾರೆ. ಎರಡನೆಯವರು ‘ನನ್ನ ಕಣ್ಣಲ್ಲಿ ನೀರೇ ಬರಲ್ಲವಲ್ಲ’ ಎಂದು ಚಿಕಿತ್ಸೆಯ ಇಂಜೆಕ್ಷನ್ ಮುಂದೆ ಹಾಕುತ್ತಾರೆ. ಹಾಗೆ ಮುಂದೆ ಹಾಕಿದರೆ ನೋಟ ಹೋಗಬಹುದು, ಇದು ಬರಿಯ ಪದದ ಮಾತಲ್ಲ. ಒಳಗೆ ನಡೆಯುವುದು ಬೇರೆಯೇ. ಒಂದರಲ್ಲಿ ಪದರ ಮೆಲ್ಲಗೆ ತೆಳುವಾಗುತ್ತದೆ. ಇನ್ನೊಂದರಲ್ಲಿ ಬೇಡದ ಹೊಸ ರಕ್ತನಾಳ ಹುಟ್ಟಿ ನೀರು, ರಕ್ತ ಸೋರುತ್ತದೆ. ‘ಸವೆಯುವ ಬಗೆ’, ‘ಸೋರುವ ಬಗೆ’ ಎಂದರೆ ಹೇಗೆ? ರೆಟಿನಾವನ್ನು ‘ರೆಟಿನಾ’ ಎಂದೇ ಉಳಿಸಿದ್ದೇನೆ. ‘ಕಣ್ಣಿನ ಪರದೆ’ ಅಂದರೆ ಬಹಳ ಜನಕ್ಕೆ ‘ಪೊರೆ’ ಎಂದೇ ಕೇಳಿಸುತ್ತದೆ, ಆಪರೇಷನ್ ಯಾವಾಗ ಎನ್ನುತ್ತಾರೆ.

ಮ್ಯಾಕ್ಯುಲಾಕ್ಕೆ ಬರುತ್ತೇನೆ. ಸ್ಕ್ಯಾನ್ ಮಾಡುವಾಗ ‘ಗದ್ದ ಇಲ್ಲಿಡಿ, ಹಣೆ ಒತ್ತಿ, ಒಳಗಿನ ಗುರುತನ್ನೇ ನೋಡ್ತಾ ಇರಿ’ ಎಂದು ದಿನವೂ ಹೇಳುತ್ತೇನೆ. ಅದೇ ಅಜ್ಜಿ ಯಂತ್ರಕ್ಕೆ ಹಣೆ ಕೊಟ್ಟು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಹೇಳಿದರು: ‘ನೆಟ್ಟಗೆ ನೋಡಿದರೆ ಗುರುತೇ ಇಲ್ಲಮ್ಮಾ. ಓರೆಯಾಗಿ ನೋಡಿದರೆ ಇದೆ.’ ಎಎಂಡಿ ಏನು ಮಾಡುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಎಲ್ಲೂ ಓದಿಲ್ಲ. ಓದಲು, ದಾರ ಪೋಣಿಸಲು, ಎದುರಿನವರ ಮುಖ ಗುರುತಿಸಲು ಬೇಕಾದದ್ದು ನೆಟ್ಟಗೆ ನೋಡುವ ಆ ನೋಟವೇ, ಅದು ಮ್ಯಾಕ್ಯುಲಾದ ಕೆಲಸ. ಹಾಗಾಗಿ ಮ್ಯಾಕ್ಯುಲಾಕ್ಕೆ ‘ನೆಟ್ಟನೋಟದ ಜಾಗ’ ಎಂದು ಬರೆಯುವ ಆಸೆ.

ಇಲ್ಲಿ ಬಲ್ಲವರ ಸಹಾಯ ಬೇಕು. ‘ನೆಟ್ಟ ನೋಟ’ದ ನೆಟ್ಟ ‘ನೆಡು’ವಿನಿಂದ ಬಂದದ್ದು, ಸಸಿ ನೆಟ್ಟ ಹಾಗೆ ನೋಟ ನೆಟ್ಟದ್ದು, ಎಂದು ನನ್ನ ತಿಳಿವಳಿಕೆ. ಅಜ್ಜಿಯ ‘ನೆಟ್ಟಗೆ’ ಅಂದರೆ ನೇರವಾಗಿ. ಇವೆರಡೂ ಒಂದೇ ಬೇರಿನವೇ, ಅಥವಾ ಬೇರೆ ಬೇರೆಯೇ? ಕೂಡಿಸಿ ‘ನೆಟ್ಟನೋಟ’ ಎಂದು ಬರೆದರೆ ನಿಮ್ಮ ಊರಿನ ಕಡೆ, ಹೆಚ್ಚು ಓದಿಲ್ಲದ ಹಿರಿಯರ ಕಿವಿಗೆ, ನೇರ ನೋಟ ಎಂದು ಕೇಳಿಸುತ್ತದೆಯೇ, ದುರುಗುಟ್ಟಿ ನೋಡುವುದು ಎಂದೇ? ಮನೆಯಲ್ಲಿ ಯಾರಾದರೂ ಹಿರಿಯರಿದ್ದರೆ ದಯವಿಟ್ಟು ಒಮ್ಮೆ ಹೇಳಿ ನೋಡಿ, ಅವರು ಏನೆಂದರು ಎಂದು ಬರೆಯಿರಿ.